ಮಣ್ಣಹೆಂಟೆಯವರ ಊರು

ಭೂಪಟದ ಮೇಲೆ ಬೆರಳಿಟ್ಟು ದೇಶಸಂಚಾರ ಮಾಡುವುದು ಮೇಷ್ಟರುಗಳ ಪಾಲಿಗೆ ಬಂದ ಭಾಗ್ಯ. ಅದಕ್ಕೆ ಖರ್ಚಿಲ್ಲ, ರಹದಾರಿಯ ಗೊಡವೆಯಿಲ್ಲ, ಗಂಟುಮೂಟೆ ಕಟ್ಟುವ ಗದ್ದಲವಿಲ್ಲ. ಓದುಗ ಮಿತ್ರರೆ, ಇಂದು ನಿಮ್ಮನ್ನೂ ಅಂಥದೊಂದು ಸಂಚಾರಕ್ಕೆ ಕರೆದೊಯ್ಯಬೇಕೆಂದು ನನ್ನ ಆಸೆ. ದೇಶವೇನೋ ಬಹು ದೂರದ್ದು. ಉತ್ತರ ಅಮೆರಿಕಕ್ಕೂ ದಕ್ಷಿಣ ಅಮೆರಿಕಕ್ಕೂ ನಡುವೆ ನೆಲವು ಸೊಂಟದಂತೆ ಸಣ್ಣಗಾಗಿರುವ ಕಡೆ ಗ್ವಾಟೆಮಾಲ ಎಂಬ ದೇಶವಿದೆ. ಆದರೆ ಅಲ್ಲಿ ನಾವು ಮಾಡಬೇಕಾದ ಪ್ರಯಾಣ ಚಿಕ್ಕದು. ಬೆಳಿಗ್ಗೆ ಆ ದೇಶದ ರಾಜಧಾನಿಯಲ್ಲಿ ಬಸ್ಸು ಹತ್ತುವುದು, ಸುಮಾರು ೪೦ ಕಿಲೋಮೀಟರು ಸಾಗಿ ಅದರ ಹಳೆಯ ರಾಜಧಾನಿಯನ್ನು ನೋಡುವುದು, ಸಂಜೆಗೆ ಹಿಂತಿರುಗುವುದು. ಬುತ್ತಿ ಕೂಡ ಬೇಕಾಗಿಲ್ಲ.

ಆ ಹಳೆಯ ರಾಜಧಾನಿಯ ಹೆಸರು ಆಂಟಿಗ್ವಾ. ಕ್ರಿಕೆಟ್ ಆಟದ ದೆಸೆಯಿಂದ ನಮ್ಮ ಹುಡುಗರಿಗೆ ಗೊತ್ತಿರುವ ಆಂಟಿಗ್ವಾ ದ್ವೀಪ ಬೇರೆ, ಈ ಊರು ಬೇರೆ. ಸ್ಪಾನಿಷ್ ಭಾಷೆಯಲ್ಲಿ ‘ಆಂಟಿಗ್ವಾ’ ಎಂದರೆ ‘ಹಳೆಯದು’ ಎಂದಷ್ಟೇ ಅರ್ಥ. ಊರಿನ ಪೂರ್ಣ ಹೆಸರು ‘ಲಾ ಆಂಟಿಗ್ವಾ ಗ್ವಾಟೆಮಾಲ’, ಎಂದರೆ ಹಳೆಯ ಗ್ವಾಟೆಮಾಲ. ಯಾವ ಊರೂ ಹುಟ್ಟುವಾಗಲೇ ಹಳೆಯದಾಗಿರುವುದಿಲ್ಲವಷ್ಟೆ. ಹೊಸದೊಂದು ಎಲ್ಲಿಯೋ ಎದ್ದ ಮೇಲೆಯೇ ಮೊದಲಿನದಕ್ಕೆ ಹಳೆಯದೆಂಬ ಹೆಸರು. ಹುಟ್ಟಿದಾಗ ಈ ಊರನ್ನು ಸಾಂತಿಯಾಗೊ ಎಂದು ಕರೆದರು. ಅದನ್ನು ಹಳೆಯದು ಮಾಡಿದ್ದು ಒಂದು ಭೂಕಂಪ ಮತ್ತು ಒಂದು ರಾಜಾಜ್ಞೆ. ಭೂಕಂಪದಿಂದ ಊರು ಬಿತ್ತು. ಆಜ್ಞೆಯ ಪ್ರಕಾರ ಅದು ಅಳಿದೇ ಹೋಗಬೇಕಾಗಿತ್ತು. ಆದರೆ ಅಳಿಯಲಿಲ್ಲ. ಈ ಕಥೆಯನ್ನು ತರಗತಿಯಲ್ಲಿ ಹೇಳಿದಾಗ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದುನಿಂತು, “ಸಾರ್, ಊರು ಬಿಟ್ಟುಹೋದವರು ಬುದ್ಧಿವಂತರೋ, ಬಿಡದೆ ಉಳಿದವರೋ?” ಎಂದು ಕೇಳಿದ. ಗಂಟೆ ಬಾರಿಸಿತು; ನಾನು ಪಾರಾದೆ. ಆದರೆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ದಾರಿಯುದ್ದಕ್ಕೂ ಅದು ನಮ್ಮ ಜೊತೆಯಲ್ಲಿರಲಿ.

ಬನ್ನಿ, ಬಸ್ಸು ಹತ್ತೋಣ. ಬಾಗಿಲಲ್ಲಿ ನೇತಾಡುತ್ತ ನಿಂತ ಹುಡುಗ “ಆಂಟಿಗ್ವಾ! ಆಂಟಿಗ್ವಾ!” ಎಂದು ಒಂದೇ ಸಮನೆ ಕೂಗುತ್ತಿದ್ದಾನೆ. ಈ ವಾಹನದ ಪೂರ್ವಾಶ್ರಮವನ್ನು ಕೇಳಿದರೆ ನಿಮಗೆ ನಗು ಬಂದೀತು. ಇದು ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ವರ್ಷಾನುಗಟ್ಟಲೆ ಶಾಲೆಯ ಮಕ್ಕಳನ್ನು ಹೊತ್ತು ದಣಿದ ಹಳದಿ ಬಸ್ಸು. ಅಲ್ಲಿ ಸೇವೆಯಿಂದ ನಿವೃತ್ತವಾಗಿ ದಕ್ಷಿಣಕ್ಕೆ ಬಂದು, ಕೆಂಪು ನೀಲಿ ಹಸಿರು ಬಣ್ಣಗಳನ್ನು ಬಳಿಸಿಕೊಂಡು, ಹಣೆಯ ಮೇಲೆ ಹೊಸ ಹೆಸರು ಬರೆಸಿಕೊಂಡು, ಇಲ್ಲಿ ಎರಡನೆಯ ಜನ್ಮವನ್ನೆತ್ತಿದೆ. ನಿವೃತ್ತಿಯ ಹೊಸ್ತಿಲಿಗೆ ಬಂದಿರುವ ನನ್ನಂಥ ಉಪಾಧ್ಯಾಯನಿಗೆ ಇದು ಸಮಾಧಾನದ ಸಂಗತಿ! ಊರಿನವರು ಇದನ್ನು ‘ಕಮ್ಯೊನೇತ’ ಎನ್ನುತ್ತಾರೆ. ಸಂತೆಗೆ ಹೋಗುವವರ ಬುಟ್ಟಿಗಳಲ್ಲಿ ಕೋಳಿಗಳೂ ಪ್ರಯಾಣ ಮಾಡುವುದರಿಂದ ಪರದೇಶದ ಪ್ರವಾಸಿಗಳು ‘ಕೋಳಿ ಬಸ್ಸು’ ಎಂದು ಅಡ್ಡಹೆಸರಿಟ್ಟಿದ್ದಾರೆ. ಇಬ್ಬರು ಮಕ್ಕಳಿಗೆಂದು ಮಾಡಿದ ಪೀಠದಲ್ಲಿ ಮೂವರು ದೊಡ್ಡವರು ಕೂಡಬೇಕು. ಸ್ವಲ್ಪ ಒತ್ತಿ ಕುಳಿತುಕೊಳ್ಳಿ.

ಬಸ್ಸು ಮಿಸ್ಕೊ ಎಂಬ ಊರಿನ ಬದಿಯಿಂದ ಏರು ಹತ್ತಿ, ಸಾನ್ ಲೂಕಾಸ್ ಎಂಬಲ್ಲಿ ಬೆಟ್ಟದ ನೆತ್ತಿಗೆ ಬರುತ್ತದೆ. ಸಮುದ್ರಮಟ್ಟದಿಂದ ೨೦೦೦ ಮೀಟರಿಗೂ ಮಿಗಿಲಾದ ಎತ್ತರ. ಪೈನ್ ಮರಗಳ ತಂಪು. ನಿಮ್ಮ ಪಕ್ಕದಲ್ಲಿ ಕುಳಿತಿರುವ ಹೆಂಗಸಿನ ಕುಪ್ಪಸವನ್ನು ನೋಡಿ. ಅದರ ಹೆಸರು ‘ಉಯಿಪಿಲ್’. ಮಗ್ಗದ ಒಂದು ತುದಿಯನ್ನು ಮರಕ್ಕೋ ಕಂಬಕ್ಕೋ ಬಿಗಿದು, ಇನ್ನೊಂದು ತುದಿಯನ್ನು ತಮ್ಮ ಸೊಂಟಕ್ಕೇ ಕಟ್ಟಿಕೊಂಡು ಹೆಂಗಸರು ನೇಯ್ದ ಬಟ್ಟೆಯಿದು. ಅವಳು ಮಾತನಾಡುವ ಭಾಷೆ ಸ್ಪಾನಿಷ್ ಅಲ್ಲದಿರಬಹುದು. ಈ ಸೀಮೆಯ ಮೂಲನಿವಾಸಿಗಳಾದ ಕಕ್ಚಿಕೆಲ್ ಜನರ ನುಡಿ ಐದು ನೂರು ವರ್ಷಗಳ ಪರಕೀಯ ಆಳ್ವಿಕೆಯನ್ನೂ ಅದರ ಪರಿಣಾಮಗಳನ್ನೂ ದಾಟಿ ಇಂದಿಗೂ ಬದುಕಿದೆ. ಅವರು ಮಾಯಾ ಎಂಬ ಹೆಸರಿನಿಂದ ಪ್ರಸಿದ್ಧವಾದ ಪ್ರಾಚೀನ ಜನಾಂಗದ ಒಂದು ಶಾಖೆ. ಅವರ ನೆರೆಯವರಾದ ಕಿಚೆ ಜನರ ‘ಪೊಪೊಲ್ ವೂಹ್’ ಎಂಬ ಪುರಾಣದಲ್ಲಿ ದೇವತೆಗಳು ಮನುಷ್ಯನನ್ನು ಮೆಕ್ಕೆಜೋಳದ ಹಿಟ್ಟಿನಿಂದ ಮಾಡಿದರೆಂದು ಹೇಳಿದೆ. ಕಿಟಕಿಯ ಹೊರಗೆ ಇಳಿಜಾರಿನಲ್ಲೆಲ್ಲ ಕಾಣುವುದು ಅದೇ ಮೆಕ್ಕೆಜೋಳ.

ಈ ಸೀಮೆ ನಮಗೆ ತೀರ ಪರಕೀಯವೆಂದು ತಿಳಿಯಬೇಡಿ. ನಮ್ಮ ಹಿತ್ತಲಿನ ಪರಂಗಿ ಹಣ್ಣಿನ ತವರು ಮೆಕ್ಸಿಕೊದ ದಕ್ಷಿಣ ಭಾಗ ಮತ್ತು ಈ ನಡು ಅಮೆರಿಕದ ನೆಲ. ಕಡಲು ದಾಟಿ ಬಂದ ಫಿರಂಗಿಯವರ ಹಡಗುಗಳಲ್ಲಿ ಬಂದುದೆಂಬ ನೆನಪನ್ನು ಆ ಹಣ್ಣು ತನ್ನ ಹೆಸರಿನಲ್ಲಿಯೇ ಇಟ್ಟುಕೊಂಡಿದೆ. ನಮ್ಮ ಸಾರಿಗೆ ಖಾರ ಕೊಡುವ ಮೆಣಸಿನಕಾಯಿಯೂ ಅಮೆರಿಕದಿಂದ ಹಾಗೆಯೇ ಬಂದದ್ದು. ಬಸ್ಸು ಈಗ ಕಣಿವೆಗೆ ಇಳಿಯುತ್ತಿದೆ. ತಿರುವಿನ ಮೇಲೆ ತಿರುವು. ಅಕ್ಕಪಕ್ಕದಲ್ಲಿ ಕಾಣುವ ಕಾಫಿ ತೋಟಗಳಿಗೆ ನೆರಳು ಕೊಡುವ ಮರ ಯಾವುದು ಬಲ್ಲಿರಾ? ಕೊಡಗಿನವರೂ ಚಿಕ್ಕಮಗಳೂರಿನವರೂ ನೋಡಿದೊಡನೆ ಗುರುತು ಹಿಡಿಯುತ್ತಾರೆ: ಸಿಲ್ವರ್ ಓಕ್. ಆ ಮರ ಆಸ್ಟ್ರೇಲಿಯದ್ದು. ಕಾಫಿ ಗಿಡ ಆಫ್ರಿಕದ ಇಥಿಯೋಪಿಯದ್ದು. ಎರಡೂ ಪರಸ್ಥಳದವೇ. ನಮ್ಮ ಮಲೆನಾಡಿನಲ್ಲಿ ಒಂದಾದ ಹಾಗೆ ಇಲ್ಲಿಯೂ ಒಂದಾಗಿ ಬೇರೂರಿವೆ.

ಊರಿನ ದಕ್ಷಿಣಕ್ಕೆ ದೊಡ್ಡ ಗೋಪುರದಂತೆ ನಿಂತಿರುವ ಪರ್ವತವನ್ನು ನೋಡಿ. ಎತ್ತರ ೩೭೬೦ ಮೀಟರು. ಅದಕ್ಕೆ ಸ್ಪೇನಿನವರು ಇಟ್ಟ ಹೆಸರು ‘ಆಗ್ವ’, ಎಂದರೆ ನೀರು. ಅದರ ಪಶ್ಚಿಮದಲ್ಲಿ ಎರಡು ಅಗ್ನಿಪರ್ವತಗಳಿವೆ. ಒಂದು ಅಕತೆನಾಂಗೊ, ಇನ್ನೊಂದು ‘ಫ್ವೇಗೊ’, ಎಂದರೆ ಬೆಂಕಿ. ಫ್ವೇಗೊ ಹೆಸರಿಗೆ ತಕ್ಕಂತೆ ಆಗಾಗ ಹೊಗೆಯನ್ನೂ ಬೂದಿಯನ್ನೂ ಉಗುಳುತ್ತದೆ; ೨೦೧೮ರ ಜೂನ್ ೩ರಂದು ಅದು ಸಿಡಿದಾಗ ತಪ್ಪಲಿನ ಹಳ್ಳಿಗಳಲ್ಲಿ ನೂರಾರು ಜನ ಸತ್ತರು. ನೀರು ಒಂದು ಕಡೆ, ಬೆಂಕಿ ಒಂದು ಕಡೆ; ನಡುವೆ ಊರು. ಬೆಂಕಿಯ ಬೆಟ್ಟ ಭಯಂಕರ, ನೀರಿನ ಬೆಟ್ಟ ಸಾಧುವೆಂದು ನೀವು ಎಣಿಸುವಿರಿ. ಈ ಊರಿನ ಮೊದಲನೆಯ ಮರಣ ಬಂದದ್ದು ಆ ಸಾಧುವಿನಿಂದಲೇ.

ಕಥೆಯನ್ನು ಮೊದಲಿನಿಂದ ಹೇಳುತ್ತೇನೆ. ೧೫೨೪ರಲ್ಲಿ ಸ್ಪೇನಿನ ದಂಡನಾಯಕ ಪೆದ್ರೊ ದೆ ಅಲ್ವರಾದೊ ಮೆಕ್ಸಿಕೊದಿಂದ ದಂಡೆತ್ತಿ ಬಂದ. ಕಕ್ಚಿಕೆಲ್ ಜನರ ರಾಜಧಾನಿಯಾದ ಇಶಿಮ್‌ಚೆಯಲ್ಲಿ ಜುಲೈ ೨೫ರಂದು ತನ್ನ ನಗರವನ್ನು ಸ್ಥಾಪಿಸಿದ. ಅಂದು ಸಂತ ಸಾಂತಿಯಾಗೊವಿನ ಹಬ್ಬ. ಅವನ ಹೆಸರನ್ನೇ ನಗರಕ್ಕೂ ಇಟ್ಟ. ಮೊದಲು ಸ್ನೇಹ ತೋರಿದ ಕಕ್ಚಿಕೆಲರು ಚಿನ್ನದ ಕಪ್ಪಕ್ಕಾಗಿ ಅವನು ಕೊಟ್ಟ ಕಾಟವನ್ನು ತಾಳದೆ ಕೆಲವೇ ವಾರಗಳಲ್ಲಿ ತಿರುಗಿಬಿದ್ದರು. ನಗರ ಅಲ್ಲಿ ನಿಲ್ಲಲಿಲ್ಲ. ೧೫೨೭ರಲ್ಲಿ ಅದನ್ನು ಆಗ್ವ ಪರ್ವತದ ಬುಡದ ಅಲ್ಮೊಲೊಂಗ ಕಣಿವೆಗೆ ತಂದರು. ಹದಿನಾಲ್ಕು ವರ್ಷ ಅದು ಅಲ್ಲಿತ್ತು.

೧೫೪೧ರಲ್ಲಿ ಅಲ್ವರಾದೊ ಮೆಕ್ಸಿಕೊದ ಯುದ್ಧವೊಂದರಲ್ಲಿ, ಉರುಳಿಬಂದ ಕುದುರೆಯ ಕೆಳಗೆ ಸಿಕ್ಕಿ ಸತ್ತ. ಸುದ್ದಿ ಬಂದ ಮೇಲೆ ಅವನ ಹೆಂಡತಿ ದೋನ್ಯ ಬೆಯಾತ್ರಿಸ್ ದೆ ಲ ಕ್ವೇವ ಎಂಬವಳು ಅಧಿಕಾರವನ್ನು ವಹಿಸಿಕೊಂಡಳು. ಸೆಪ್ಟೆಂಬರ್ ೯ರಂದು ಅವಳು ರುಜು ಹಾಕಿದ ಹೆಸರು ‘ಭಾಗ್ಯಹೀನೆ’ ಎಂದು. ಹೊರಗೆ ಮಳೆ ಹಿಡಿದಿತ್ತು. ೧೦ರ ರಾತ್ರಿ ಪರ್ವತದ ಮೈ ಜಾರಿ, ನೀರು ಮಣ್ಣು ಬಂಡೆ ಮರ ಎಲ್ಲವೂ ಒಂದಾಗಿ ಊರಿನ ಮೇಲೆ ಬಿದ್ದವು. ಪೂಜಾಗೃಹದಲ್ಲಿ ಆಶ್ರಯ ಪಡೆದಿದ್ದ ದೋನ್ಯ ಬೆಯಾತ್ರಿಸ್ ತನ್ನ ಸಖಿಯರೊಡನೆ ಅಲ್ಲಿಯೇ ಮಡಿದಳು. ಅವಳ ಆಳ್ವಿಕೆ ಎರಡು ದಿನ ಕೂಡ ತುಂಬಲಿಲ್ಲ. ಸ್ಪೇನಿನ ಇತಿಹಾಸಕಾರರು ಈ ದುರಂತವನ್ನು ವಿಸ್ತಾರವಾಗಿ ವರ್ಣಿಸಿದ್ದಾರೆ. ಕಕ್ಚಿಕೆಲರೂ ತಮ್ಮ ನುಡಿಯಲ್ಲಿ, ಪಾದ್ರಿಗಳಿಂದ ಕಲಿತ ರೋಮನ್ ಲಿಪಿಯಲ್ಲಿ, ತಮ್ಮ ಕುಲದ ವೃತ್ತಾಂತವನ್ನು ಬರೆದಿಟ್ಟಿದ್ದಾರೆ. ಅದರಲ್ಲಿ ಈ ಘಟನೆಗೆ ಕೆಲವೇ ಪಂಕ್ತಿಗಳು, ಕಣ್ಣೀರಿಲ್ಲ. ಪರ್ವತದಿಂದ ನೀರು ಬಂತು, ಪರಕೀಯರು ಸತ್ತರು, ಅವರ ನಾಯಕನ ಹೆಂಡತಿಯೂ ಸತ್ತಳು ಎಂಬಷ್ಟು. ಒಂದೇ ಘಟನೆ ಇಬ್ಬರ ಲೇಖನಿಯಲ್ಲಿ ಎಷ್ಟು ಬೇರೆಯಾಗಿ ಮೂಡುತ್ತದೆಂಬುದನ್ನು ಇತಿಹಾಸ ಓದುವವರು ಮರೆಯಬಾರದು.

ಉಳಿದವರು ಸಮೀಪದ ಪಾಂಚೊಯ್ ಕಣಿವೆಗೆ ಬಂದು ೧೫೪೩ರಲ್ಲಿ ನೆಲೆಸಿದರು. ನಮ್ಮ ಬಸ್ಸು ಬಂದು ನಿಂತಿರುವುದು ಈ ಊರಿನಲ್ಲಿ. ಇಳಿಯಿರಿ, ಸಂತೆಯ ಸಂದಣಿಯನ್ನು ದಾಟಿ ಪೂರ್ವದ ಕಡೆಗೆ ನಡೆಯೋಣ. ಕಲ್ಲು ಹಾಸಿದ ಬೀದಿಗಳು ಚದುರಂಗದ ಮಣೆಯಂತೆ ನೆಟ್ಟಗಿವೆ. ಒಂದಷ್ಟು ಉತ್ತರ ದಕ್ಷಿಣವಾಗಿ, ಒಂದಷ್ಟು ಪೂರ್ವ ಪಶ್ಚಿಮವಾಗಿ. ದಾರಿ ತಪ್ಪಿದರೆ ಆಗ್ವ ಪರ್ವತ ಯಾವ ಕಡೆಗಿದೆಯೆಂದು ನೋಡಿದರಾಯಿತು; ಅದೇ ದಕ್ಷಿಣ. ಬೀದಿಗಳ ನಡುವೆ ಊರಿನ ಚೌಕ. ಅದರ ದಕ್ಷಿಣಕ್ಕೆ ರಾಜಪ್ರತಿನಿಧಿಯ ಅರಮನೆ, ಉತ್ತರಕ್ಕೆ ಪುರಸಭೆಯ ಕಟ್ಟಡ, ಪೂರ್ವಕ್ಕೆ ಮಹಾದೇವಾಲಯ, ಪಶ್ಚಿಮಕ್ಕೆ ಅಂಗಡಿಗಳ ಸಾಲು. ದೇವರು, ದೊರೆ, ಊರು, ವ್ಯಾಪಾರ ಈ ನಾಲ್ಕೂ ಎದುರುಬದುರಾಗಿ ಕುಳಿತಿವೆ. ನಡುವಿನ ಕಾರಂಜಿ ೧೭೩೯ರದು; ದೀಯೆಗೊ ದೆ ಪೊರ್ರೆಸ್ ಎಂಬ ಪ್ರಸಿದ್ಧ ವಾಸ್ತುಶಿಲ್ಪಿಯ ಕೃತಿ.

ಇನ್ನೂರ ಮೂವತ್ತು ವರ್ಷ ಈ ಊರು ವೈಭವದಿಂದ ಮೆರೆಯಿತು. ಇಂದಿನ ಗ್ವಾಟೆಮಾಲ, ಎಲ್ ಸಾಲ್ವಡೋರ್, ಹೊಂಡುರಾಸ್, ನಿಕರಾಗುವ, ಕೋಸ್ಟರಿಕ, ಇಂದು ಮೆಕ್ಸಿಕೊಗೆ ಸೇರಿರುವ ಚಿಯಾಪಾಸ್ ಇವೆಲ್ಲಕ್ಕೂ ಇದೇ ರಾಜಧಾನಿಯಾಯಿತು. ೧೫೬೬ರಲ್ಲಿ ಸ್ಪೇನಿನ ದೊರೆ ಎರಡನೆಯ ಫಿಲಿಪ್ ಇದಕ್ಕೆ ‘ಅತ್ಯಂತ ಕುಲೀನ, ಅತ್ಯಂತ ನಿಷ್ಠ’ ಎಂಬ ಬಿರುದನ್ನು ದಯಪಾಲಿಸಿದ. ೧೬೬೦ರಲ್ಲಿ ಬಿಷಪ್ ಪಾಯೊ ಎನ್ರೀಕೆಸ್ ದೆ ರಿಬೇರ ಇಲ್ಲಿಗೆ ಮುದ್ರಣಯಂತ್ರವನ್ನು ತರಿಸಿದ. ೧೬೭೬ರಲ್ಲಿ ಸಾನ್ ಕಾರ್ಲೋಸ್ ವಿಶ್ವವಿದ್ಯಾನಿಲಯ ಸ್ಥಾಪಿತವಾಯಿತು. ಅಲ್ಲಿ ಕಕ್ಚಿಕೆಲ್ ಭಾಷೆಗೂ ಒಂದು ಪೀಠವಿತ್ತು. ಮೆಕ್ಸಿಕೊದ ದಂಡಯಾತ್ರೆಯಲ್ಲಿ ಕಾದಿದ್ದ ಮುದಿ ಸೈನಿಕ ಬೆರ್ನಾಲ್ ದೀಯಸ್ ತಾನು ಕಂಡದ್ದನ್ನು ಬರೆದಿಟ್ಟದ್ದೂ, ೧೫೮೪ರಲ್ಲಿ ಕಣ್ಣು ಮುಚ್ಚಿದ್ದೂ ಈ ಊರಿನಲ್ಲಿಯೇ. ೧೬೫೧ರಲ್ಲಿ ಕನೇರಿ ದ್ವೀಪಗಳಿಂದ ಬಂದ ಪೆದ್ರೊ ದೆ ಬೆತಾಂಕುರ್ ಎಂಬ ಬಡ ಸಾಧು ಇಲ್ಲಿ ದಿಕ್ಕಿಲ್ಲದ ರೋಗಿಗಳಿಗೆ ಆಸ್ಪತ್ರೆಯನ್ನೂ ಮಕ್ಕಳಿಗೆ ಶಾಲೆಯನ್ನೂ ನಡೆಸಿದ. ಅವನ ಸಮಾಧಿ ಸಾನ್ ಫ್ರಾನ್ಸಿಸ್ಕೊ ಇಗರ್ಜಿಯಲ್ಲಿದೆ. ೨೦೦೨ರಲ್ಲಿ ಪೋಪ್ ಎರಡನೆಯ ಜಾನ್ ಪಾಲ್ ಗ್ವಾಟೆಮಾಲಕ್ಕೇ ಬಂದು ಅವನಿಗೆ ಸಂತಪದವಿಯನ್ನು ಘೋಷಿಸಿದರು.

ಈ ವೈಭವದ ಭಾರವನ್ನು ಹೊತ್ತ ಹೆಗಲು ಯಾರದು? ಊರಿನ ಸುತ್ತಲೂ ಇರುವ ಹಳ್ಳಿಗಳಲ್ಲಿ ಎಷ್ಟೋ ಹಳ್ಳಿಗಳು ೧೬ನೆಯ ಶತಮಾನದ ನಡುವಿನಲ್ಲಿ ದಾಸ್ಯದಿಂದ ಬಿಡುಗಡೆ ಹೊಂದಿದ ಮೂಲನಿವಾಸಿಗಳು ನೆಲೆಸಿದಂಥವು. ದಾಸ್ಯ ತಪ್ಪಿದರೂ ಬಿಟ್ಟಿಬೇಗಾರಿ ತಪ್ಪಲಿಲ್ಲ. ಊರಿಗೆ ಸೌದೆ, ಹುಲ್ಲು, ಕಾಯಿಪಲ್ಯ, ಇಟ್ಟಿಗೆ, ಕಟ್ಟುವ ಆಳು ಎಲ್ಲವೂ ಬರುತ್ತಿದ್ದುದು ಆ ಹಳ್ಳಿಗಳಿಂದ. ಅವರು ಕಟ್ಟುತ್ತಿದ್ದರು, ಭೂಮಿ ಕೆಡಹುತ್ತಿತ್ತು, ಅವರು ಮತ್ತೆ ಕಟ್ಟುತ್ತಿದ್ದರು. ೧೭೧೭ರಲ್ಲಿ ದೊಡ್ಡ ಭೂಕಂಪವಾದಾಗಲೇ ಊರನ್ನು ಬೇರೆಡೆಗೆ ಸಾಗಿಸುವ ಮಾತು ಎದ್ದಿತ್ತು. ಆದರೆ ಅಲ್ಲಿಯೇ ಕಟ್ಟಿದರು. ೧೭೫೧ರಲ್ಲಿ ಮತ್ತೊಂದು. ಪೆಟ್ಟು ತಿಂದು ತಿಂದು ಶಿಲ್ಪಿಗಳು ಪಾಠ ಕಲಿತರು. ಗೋಡೆಗಳು ದಪ್ಪವಾದವು, ಕಂಬಗಳು ಗಿಡ್ಡವಾದವು, ಗಂಟೆಯ ಗೋಪುರಗಳು ತಗ್ಗಿದವು. ೧೭೬೭ರಲ್ಲಿ ಮುಗಿದ ಲಾ ಮೆರ್ಸೇದ್ ಇಗರ್ಜಿಯನ್ನು ನೋಡಿ: ಹಳದಿ ಗೋಡೆಯ ಮೇಲೆ ಬಿಳಿಯ ಗಾರೆಯ ಬಳ್ಳಿಗಳು. ಸಿಂಗಾರವೇನೋ ಮದುವಣಗಿತ್ತಿಯದು, ಮೈಕಟ್ಟು ಮಾತ್ರ ಜಟ್ಟಿಯದು. ಮುಂದೆ ಬಂದ ಅನಾಹುತದಲ್ಲಿ ಅದು ಬೀಳದೆ ನಿಂತಿತು.

ಆ ಅನಾಹುತ ೧೭೭೩ನೆಯ ಇಸವಿ ಜುಲೈ ೨೯, ಸಂತ ಮಾರ್ತಳ ಹಬ್ಬದ ದಿನ ಬಂತು. ಮಧ್ಯಾಹ್ನ ಇಳಿಯುವ ಹೊತ್ತಿಗೆ ಭೂಮಿ ಒಮ್ಮೆ ನಡುಗಿತು. ಜನ ಮನೆಗಳಿಂದ ಹೊರಕ್ಕೆ ಓಡಿದರು. ಸ್ವಲ್ಪ ಹೊತ್ತಿನಲ್ಲಿಯೇ ದೊಡ್ಡ ಕಂಪನ ಬಂದು ಊರನ್ನೇ ಕೆಡಹಿತು. ಮೊದಲನೆಯದು ಎಚ್ಚರಿಸದಿದ್ದರೆ ಸತ್ತವರ ಸಂಖ್ಯೆ ಬಹಳ ಹೆಚ್ಚುತ್ತಿತ್ತು. ಕಂಪನಗಳು ತಿಂಗಳುಗಟ್ಟಲೆ ನಿಲ್ಲಲಿಲ್ಲ. ಡಿಸೆಂಬರಿನಲ್ಲಿ ಮತ್ತೊಂದು ಬಲವಾದ ಪೆಟ್ಟು ಬಿತ್ತು. ಚೌಕದ ಪೂರ್ವಕ್ಕಿರುವ ಮಹಾದೇವಾಲಯದ ಹಿಂಬದಿಗೆ ಹೋದರೆ ಆ ದಿನ ಇಂದಿಗೂ ಕಾಣುತ್ತದೆ. ಭಾರಿ ಕಂಬಗಳಿವೆ, ಕಮಾನುಗಳಿವೆ. ಚಾವಣಿ ಇರಬೇಕಾದಲ್ಲಿ ಆಕಾಶವಿದೆ.

ಭೂಮಿಯ ಜಗಳ ಮುಗಿಯುವ ಮೊದಲೇ ಮನುಷ್ಯರ ಜಗಳ ಪ್ರಾರಂಭವಾಯಿತು. ರಾಜಪ್ರತಿನಿಧಿ ಮಾರ್ತಿನ್ ದೆ ಮಾಯೋರ್ಗ ಅಧಿಕಾರಕ್ಕೆ ಬಂದು ಎರಡು ತಿಂಗಳೂ ಆಗಿರಲಿಲ್ಲ. ಈ ಶಾಪಗ್ರಸ್ತ ಕಣಿವೆ ಬೇಡ, ರಾಜಧಾನಿಯನ್ನು ಪೂರ್ವದ ಎರ್ಮಿತ ಕಣಿವೆಗೆ ಸಾಗಿಸೋಣವೆಂದು ಅವನು ಹಟ ಹಿಡಿದ. ಕೂಡದೆಂದು ಎದುರು ನಿಂತವನು ಆರ್ಚ್‌ಬಿಷಪ್ ಪೆದ್ರೊ ಕೋರ್ತೆಸ್ ಇ ಲಾರ್ರಾಸ್. ತನ್ನ ಅಧೀನದ ಸೀಮೆಯನ್ನೆಲ್ಲ ೧೭೬೮ರಿಂದ ೧೭೭೦ರವರೆಗೆ ಸುತ್ತಿ, ಕಂಡದ್ದನ್ನೆಲ್ಲ ವಿವರವಾಗಿ ಬರೆದಿಟ್ಟ ಮನುಷ್ಯ ಅವನು. ಊರು ಎರಡು ಪಕ್ಷವಾಯಿತು. ಹೋಗೋಣವೆಂದವರು ‘ಸ್ಥಳಾಂತರವಾದಿಗಳು’. ಇರೋಣವೆಂದವರಿಗೆ ‘ತೆರ್ರೊನಿಸ್ತರು’ ಎಂಬ ಹೆಸರು ಬಂತು. ಸ್ಪಾನಿಷ್ ಭಾಷೆಯಲ್ಲಿ ‘ತೆರ್ರೋನ್’ ಎಂದರೆ ಮಣ್ಣಹೆಂಟೆ. ಮಣ್ಣಹೆಂಟೆಯವರು! ನೇಗಿಲು ಹಾಯ್ದರೂ ಒಡೆಯದೆ ಹೊಲದಲ್ಲಿಯೇ ಬಿದ್ದಿರುವ ಹೆಂಟೆಯನ್ನು ಬಲ್ಲವರಿಗೆ ಈ ಹೆಸರಿನ ಸ್ವಾರಸ್ಯವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಎರಡು ಪಕ್ಷಗಳ ವಾದದಲ್ಲಿಯೂ ಹುರುಳಿತ್ತು. ಎಷ್ಟು ಸಲ ಬಿದ್ದೆವು, ಇನ್ನೆಷ್ಟು ಸಲ ಕಟ್ಟುವುದು, ಬೆಂಕಿಯ ಬೆಟ್ಟದ ಬುಡದಲ್ಲಿ ಮಕ್ಕಳುಮರಿಗಳನ್ನು ಇಟ್ಟುಕೊಂಡು ಮಲಗುವುದು ಹೇಗೆ ಎಂದರು ಒಬ್ಬರು. ಇಲ್ಲಿ ನೀರಿದೆ, ಫಲವತ್ತಾದ ನೆಲವಿದೆ, ಸುತ್ತ ಹಳ್ಳಿಗಳಿವೆ, ಬಿದ್ದ ಕಲ್ಲನ್ನೇ ಎತ್ತಿ ಕಟ್ಟಬಹುದು. ಆ ಕಣಿವೆಯಲ್ಲಿ ನೀರಿಗೇ ಬರವಲ್ಲವೆ ಎಂದರು ಇನ್ನೊಬ್ಬರು. ಸ್ವಾರ್ಥವೂ ಇಲ್ಲದಿರಲಿಲ್ಲ. ಧರ್ಮಸಂಸ್ಥೆಗಳು ಊರಿನ ಮನೆಗಳ ಮೇಲೆ ಕೊಟ್ಟಿದ್ದ ಸಾಲದ ಬಡ್ಡಿಯೇ ಅವುಗಳ ಆದಾಯ. ಊರು ಹೋದರೆ ಅದೂ ಹೋಗುತ್ತಿತ್ತು. ಇತ್ತ ಧರ್ಮಸಂಸ್ಥೆಗಳ ಬಲವನ್ನು ತಗ್ಗಿಸಿ ತನ್ನ ಹಿಡಿತವನ್ನು ಬಿಗಿಮಾಡುವುದೇ ಆಗಿನ ಸ್ಪೇನಿನ ರಾಜನೀತಿ. ಎರಡು ಆನೆಗಳ ಕಾಳಗದಲ್ಲಿ ತುಳಿತಕ್ಕೆ ಸಿಕ್ಕಿದ ಹುಲ್ಲನ್ನು ಯಾರೂ ಏನೂ ಕೇಳಲಿಲ್ಲ.

ದೊರೆ ಮೂರನೆಯ ಕಾರ್ಲೋಸ್ ೧೭೭೫ರ ಜುಲೈನಲ್ಲಿ ಸ್ಥಳಾಂತರಕ್ಕೆ ಒಪ್ಪಿಗೆಯಿತ್ತ. ೧೭೭೬ರ ಜನವರಿ ೨ರಂದು ಹೊಸ ನೆಲದಲ್ಲಿ ಪುರಸಭೆಯ ಮೊದಲ ಸಭೆ ಕೂಡಿತು. ಅದೇ ವರ್ಷ ಆ ಊರಿಗೆ ‘ನ್ವೇವ ಗ್ವಾಟೆಮಾಲ ದೆ ಲ ಅಸುನ್ಸ್ಯೋನ್’ ಎಂಬ ಹೆಸರಾಯಿತು. ‘ನ್ವೇವ’ ಎಂದರೆ ಹೊಸ. ಅದರ ಬಾಯಾರಿಕೆ ತೀರಿಸಲು ದೂರದಿಂದ ಕಮಾನುಗಳ ಮೇಲೆ ಕಾಲುವೆಯನ್ನು ತರಬೇಕಾಯಿತು. ೧೭೭೭ರಲ್ಲಿ, ಹಳೆಯ ಊರನ್ನು ಗೊತ್ತಾದ ಅವಧಿಯೊಳಗೆ ತೆರವು ಮಾಡಬೇಕೆಂದು ಮಾಯೋರ್ಗ ಸಾರಿಸಿದ. ಬಾಗಿಲು, ತೊಲೆ, ಕಬ್ಬಿಣ, ಗಂಟೆ ಎಲ್ಲವೂ ಬೆಟ್ಟ ದಾಟಿದವು. ದೇವರೂ ಊರು ಬಿಟ್ಟ! ಲಾ ಮೆರ್ಸೇದ್ ಇಗರ್ಜಿಗಾಗಿ ೧೭ನೆಯ ಶತಮಾನದಲ್ಲಿ ಮಾತೆಯೊ ದೆ ಸೂನ್ಯಿಗ ಕೆತ್ತಿದ್ದ, ಶಿಲುಬೆ ಹೊತ್ತ ಯೇಸುವಿನ ವಿಗ್ರಹ ಇಂದು ಹೊಸ ರಾಜಧಾನಿಯ ಲಾ ಮೆರ್ಸೇದ್ ಇಗರ್ಜಿಯಲ್ಲಿದೆ. ಆರ್ಚ್‌ಬಿಷಪ್ ಮಾತ್ರ ಜಗ್ಗಲಿಲ್ಲ. ೧೭೭೯ರಲ್ಲಿ ಅವನ ಸ್ಥಾನಕ್ಕೆ ಬೇರೊಬ್ಬನು ಬಂದಮೇಲೆ ಅವನು ಸೋತು ದೇಶವನ್ನೇ ಬಿಟ್ಟು, ಸ್ಪೇನಿನ ತೊರ್ತೋಸದಲ್ಲಿ ಬಿಷಪ್ಪನಾದ.

ಹುಲ್ಲಿನ ಮಾತು ಹೇಳಿದೆನಲ್ಲ, ಅದನ್ನು ಇಲ್ಲಿ ನೆನೆಯಬೇಕು. ಹೊಸ ರಾಜಧಾನಿಯನ್ನು ಕಟ್ಟುವವರು ಯಾರು? ಅದರ ಸಂತೆಗೆ ಕಾಯಿಪಲ್ಯ ತರುವವರು ಯಾರು? ಹಳೆಯ ಊರಿನ ಸುತ್ತಲಿದ್ದ ಮೂಲನಿವಾಸಿಗಳ ಹಳ್ಳಿಗಳಿಂದಲೂ ಜನರನ್ನು ಎಬ್ಬಿಸಿ ಹೊಸ ನಗರದ ಅಂಚಿಗೆ ತಂದು ನೆಲೆಗೊಳಿಸಿದರು. ಆದ್ದರಿಂದ ಈಗ ಎರಡು ಹೊಕೊತೆನಾಂಗೊಗಳಿವೆ. ಒಂದು ಆಂಟಿಗ್ವಾದ ಮಗ್ಗುಲಲ್ಲಿರುವ ಊರು. ಇನ್ನೊಂದು ರಾಜಧಾನಿಯೊಳಗೆ ಕರಗಿಹೋದ ಹಳ್ಳಿ. ಆಗಸ್ಟ್ ೧೫ರ ಸುಮಾರಿಗೆ ರಾಜಧಾನಿಯಲ್ಲಿ ನಡೆಯುವ ದೊಡ್ಡ ಜಾತ್ರೆಗೆ ಇಂದಿಗೂ ಹೊಕೊತೆನಾಂಗೊ ಜಾತ್ರೆಯೆಂದೇ ಹೆಸರು. ಎಬ್ಬಿಸಿ ತಂದವರು ತಲೆಯ ಮೇಲೆ ಏನನ್ನು ಹೊತ್ತು ತಂದರೋ, ಊರಿನ ಹೆಸರನ್ನಂತೂ ಹೊತ್ತು ತಂದಿದ್ದರು.

ಆದರೂ ಎಲ್ಲರೂ ಹೋಗಲಿಲ್ಲ. ಹೊಸ ಊರಿನಲ್ಲಿ ಮನೆ ಕಟ್ಟಲು ಕಾಸಿಲ್ಲದವರು, ಹೊಲ ಬಿಡಲಾರದವರು, ಹಟಮಾರಿಗಳು ಉಳಿದರು. ಆಜ್ಞೆಯ ಮೇಲೆ ಆಜ್ಞೆ ಬಂದರೂ ಮುರಿದ ಮಠಗಳ ಅಂಗಳದಲ್ಲಿ ಒಲೆ ಹೂಡಿದರು; ಬಿದ್ದ ಗೋಡೆಗೆ ಮಾಡು ಇಳಿಸಿದರು. ಅರಸೊತ್ತಿಗೆ ಹೋಯಿತು, ಒಲೆಯ ಹೊಗೆ ಹೋಗಲಿಲ್ಲ. ೧೯ನೆಯ ಶತಮಾನದಲ್ಲಿ ಪಾಪಾಸುಕಳ್ಳಿಯ ಮೇಲೆ ಸಾಕುವ ಕೊಚಿನೀಲ್ ಎಂಬ ಹುಳುವಿನಿಂದ ಕೆಂಪು ಬಣ್ಣ ತೆಗೆಯುವ ಕಸುಬು ಊರನ್ನು ಮತ್ತೆ ಎತ್ತಿತು. ರಾಸಾಯನಿಕ ಬಣ್ಣಗಳು ಬಂದು ಅದು ಬಿದ್ದ ಮೇಲೆ ಕಾಫಿ ಕೈಹಿಡಿಯಿತು. ೧೮೫೩ರಲ್ಲಿ ಕಟ್ಟಿಸಿದ ಸಾರ್ವಜನಿಕ ಬಟ್ಟೆ ಒಗೆಯುವ ಕೊಳವೊಂದಿದೆ. ನಡುವೆ ನೀರು, ಸುತ್ತ ಒಗೆಯುವ ಕಲ್ಲುಗಳು, ಹಿಂದೆ ಕಮಾನುಗಳ ಸಾಲು. ಅರಮನೆಗಿಂತ ಆ ಕೊಳದ ಕಟ್ಟೆಯ ಮೇಲೆ ಒಂದು ಗಳಿಗೆ ಕುಳಿತರೆ ಊರು ಹೇಗೆ ಉಳಿಯಿತೆಂಬುದು ತಿಳಿಯುತ್ತದೆ.

ಹೊತ್ತು ಇಳಿಯುವ ಮೊದಲು ಸಾಂತ ಕತಲೀನ ಕಮಾನನ್ನು ನೋಡಿಬಿಡೋಣ. ೧೬೯೪ರದು. ಹೊರಗಿನವರ ಕಣ್ಣಿಗೆ ಬೀಳಬಾರದೆಂಬ ವ್ರತ ತೊಟ್ಟ ಸನ್ಯಾಸಿನಿಯರು ಮಠದ ಒಂದು ಭಾಗದಿಂದ ಬೀದಿಯಾಚೆಯ ಇನ್ನೊಂದು ಭಾಗಕ್ಕೆ ಈ ಕಮಾನಿನ ಒಳಗಿನ ಓಣಿಯಲ್ಲಿ ನಡೆದುಹೋಗುತ್ತಿದ್ದರು. ಇಂದು ಊರಿನಲ್ಲಿ ಅತಿ ಹೆಚ್ಚು ಜನ ಕಣ್ಣಿಟ್ಟು ನೋಡುವುದು ಅದನ್ನೇ! ಈಸ್ಟರಿನ ಹಿಂದಿನ ವಾರದಲ್ಲಿ ಬಂದಿದ್ದರೆ ಬೀದಿಯುದ್ದಕ್ಕೂ ಬಣ್ಣದ ಮರದಪುಡಿ ಮತ್ತು ಹೂಗಳಿಂದ ಬಿಡಿಸಿದ ರತ್ನಗಂಬಳಿಗಳನ್ನು ನೋಡುತ್ತಿದ್ದಿರಿ. ನಮ್ಮ ರಂಗವಲ್ಲಿಯ ಹಾಗೆ. ಗಂಟೆಗಟ್ಟಲೆ ಕುಳಿತು ಬಿಡಿಸುತ್ತಾರೆ, ಉತ್ಸವ ಅದರ ಮೇಲೆ ನಡೆದುಹೋಗುತ್ತದೆ, ಮರುಗಳಿಗೆ ಅದು ಇಲ್ಲ. ಅಳಿಯುವುದನ್ನು ಮತ್ತೆ ಮತ್ತೆ ಬಿಡಿಸುವ ಅಭ್ಯಾಸ ಈ ಊರಿಗೆ ಹೊಸದಲ್ಲ.

ರಾಜಧಾನಿಯಾಗಿ ಉಳಿದಿದ್ದರೆ ಹಳೆಯದನ್ನು ಕೆಡವಿ ದೊಡ್ಡ ದೊಡ್ಡ ಕಟ್ಟಡಗಳನ್ನು ಎಬ್ಬಿಸುತ್ತಿದ್ದರು. ಕೈಬಿಟ್ಟದ್ದರಿಂದಲೇ ಊರು ಇದ್ದಂತೆ ಉಳಿಯಿತು. ೧೯೪೪ರಲ್ಲಿ ದೇಶದ ಶಾಸನಸಭೆ ಇದನ್ನು ರಾಷ್ಟ್ರೀಯ ಸ್ಮಾರಕವೆಂದು ಸಾರಿತು. ೧೯೬೯ರಲ್ಲಿ ಇದರ ರಕ್ಷಣೆಗೆಂದೇ ಒಂದು ಕಾನೂನಾಯಿತು. ೧೯೭೯ರಲ್ಲಿ ಯುನೆಸ್ಕೊ ಇದನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಬಿಡಬೇಕೆಂದು ಸರಕಾರ ಆಜ್ಞೆ ಮಾಡಿದ ಊರನ್ನೇ ಕಾಪಾಡಬೇಕೆಂದು ಸರಕಾರ ಆಜ್ಞೆ ಮಾಡಿತು. ನಡುವೆ ಕಳೆದದ್ದು ೧೬೭ ವರ್ಷ.

ಹಾಗಾದರೆ ಉಳಿದವರೇ ಬುದ್ಧಿವಂತರೆ? ಅವಸರ ಬೇಡ. ೧೯೭೬ರ ಫೆಬ್ರುವರಿ ೪ರ ಭೂಕಂಪದಲ್ಲಿ ದೇಶದಲ್ಲಿ ಸುಮಾರು ೨೩ ಸಾವಿರ ಜನ ಮಡಿದರು. ಆಂಟಿಗ್ವಾದ ಹಳೆಯ ಗೋಡೆಗಳೂ ಮತ್ತೆ ಪೆಟ್ಟು ತಿಂದವು. ಹಾಗೆಂದು ಹೋದವರು ಗೆದ್ದರೆ? ಅದೂ ಇಲ್ಲ. ಯಾವ ಭಯದಿಂದ ಬೆಟ್ಟ ದಾಟಿದರೋ ಆ ಭಯ ಬೆಟ್ಟ ದಾಟಿ ಬಂದು ೧೯೧೭ರ ಡಿಸೆಂಬರಿನಲ್ಲಿಯೂ ೧೯೧೮ರ ಜನವರಿಯಲ್ಲಿಯೂ ಹೊಸ ರಾಜಧಾನಿಯನ್ನು ಕೆಡಹಿತು. ೧೯೭೬ರಲ್ಲಿ ಅದಕ್ಕೂ ಭಾರಿ ಹಾನಿಯಾಯಿತು. ಇಬ್ಬರ ಕಾಲ ಕೆಳಗೂ ಒಂದೇ ಭೂಮಿ.

ಬಸ್ಸಿನ ನಿಲ್ದಾಣಕ್ಕೆ ಮರಳೋಣ. ಅಲ್ಲಿಗೆ ಸಮೀಪದಲ್ಲಿ ಕವಿ ರಫಾಯೆಲ್ ಲಾಂದೀವರನ ಸ್ಮಾರಕವಿದೆ. ೧೭೩೧ರಲ್ಲಿ ಈ ಊರಿನಲ್ಲಿ ಹುಟ್ಟಿ ಜೆಸ್ವಿಟ್ ಪಾದ್ರಿಯಾದವನು. ೧೭೬೭ರಲ್ಲಿ ಸ್ಪೇನಿನ ದೊರೆ ಜೆಸ್ವಿಟರನ್ನೆಲ್ಲ ತನ್ನ ರಾಜ್ಯಗಳಿಂದ ಹೊರದೂಡಿದಾಗ ಇವನೂ ಇಟಲಿಯನ್ನು ಸೇರಿದ. ಅಲ್ಲಿ ಲ್ಯಾಟಿನ್ ಭಾಷೆಯಲ್ಲಿ ‘ರುಸ್ತಿಕಾತಿಯೊ ಮೆಕ್ಸಿಕಾನ’ ಎಂಬ ದೀರ್ಘ ಕಾವ್ಯವನ್ನು ಬರೆದು ೧೭೮೧ರಲ್ಲಿ ಅಚ್ಚುಹಾಕಿಸಿದ. ಕಾವ್ಯದ ಮೊದಲಿಗೇ ತನ್ನ ಊರಿಗೆ ವಂದನೆ. ಊರು ಬಿತ್ತೆಂದು ದೂರದಲ್ಲಿಯೇ ಕೇಳಿ ಅತ್ತವನು, ಅದು ಮತ್ತೆ ಎದ್ದಿತೆಂದು ಕೇಳಿ ಹಿಗ್ಗಿದ್ದಾನೆ. ಕೆಡೆದದ್ದು ಹಳೆಯ ಊರು, ಎದ್ದದ್ದು ಹೊಸ ಊರು. ಅವನಿಗೆ ಎರಡೂ ಒಂದೇ. ೧೭೯೩ರಲ್ಲಿ ಬೊಲೋನ್ಯ ನಗರದಲ್ಲಿ ತೀರಿಕೊಂಡ. ೧೯೫೦ರಲ್ಲಿ ಅವನ ಅಸ್ಥಿಗಳನ್ನು ಈ ಊರಿಗೆ ತಂದರು. ಆಜ್ಞೆಯಿಂದ ಊರು ಬಿಟ್ಟವನೊಬ್ಬ ೧೮೩ ವರ್ಷಗಳ ಮೇಲೆ ಮನೆಗೆ ಬಂದ.

ನನ್ನ ಶಿಷ್ಯನಿಗೆ ಈಗ ಉತ್ತರ ಹೇಳಬಲ್ಲೆ. ಮಗು, ಹೋದವರದ್ದೂ ತಪ್ಪಲ್ಲ, ಉಳಿದವರದ್ದೂ ತಪ್ಪಲ್ಲ. ಮಕ್ಕಳ ಪ್ರಾಣಕ್ಕೆ ಹೆದರಿ ಹೋಗುವುದೂ ಬುದ್ಧಿಯೇ, ನೆಲಕ್ಕೆ ಅಂಟಿಕೊಳ್ಳುವುದೂ ಬುದ್ಧಿಯೇ. ತಪ್ಪು ಇರುವುದು ಕೇಳದೆ ಎಬ್ಬಿಸುವುದರಲ್ಲಿ. ಗದ್ದುಗೆಯನ್ನು ಕಾಗದದ ಮೇಲೆ ಸಾಗಿಸಬಹುದು, ಗಂಟೆಯನ್ನು ಗಾಡಿಯ ಮೇಲೆ ಸಾಗಿಸಬಹುದು. ಊರು ಮಾತ್ರ ಜನರ ಇಷ್ಟವಿದ್ದಲ್ಲಿ ಇರುತ್ತದೆ. ಎರಡು ಕಡೆ ಇಷ್ಟವಿದ್ದರೆ ಎರಡು ಊರಾಗುತ್ತದೆ.

ಬಸ್ಸು ಹೊರಡುವ ಹೊತ್ತಾಯಿತು. ಬಾಗಿಲ ಹುಡುಗ ಈಗ “ಗ್ವಾತೆ! ಗ್ವಾತೆ!” ಎಂದು ಕೂಗುತ್ತಿದ್ದಾನೆ. ರಾಜಧಾನಿಯನ್ನು ಜನ ಕರೆಯುವುದು ಹಾಗೆ. ‘ಹೊಸ ಗ್ವಾಟೆಮಾಲ’ ಎಂಬುದರಲ್ಲಿ ‘ಹೊಸ’ ಎಂಬುದು ಎಂದೋ ಉದುರಿಹೋಗಿ ಬರಿಯ ಗ್ವಾಟೆಮಾಲ ಉಳಿಯಿತು. ‘ಹಳೆಯ ಗ್ವಾಟೆಮಾಲ’ ಎಂಬುದರಲ್ಲಿ ಗ್ವಾಟೆಮಾಲ ಉದುರಿ ‘ಹಳೆಯದು’ ಎಂಬುದೊಂದೇ ಜನರ ಬಾಯಲ್ಲಿ ಉಳಿಯಿತು. ಪಾಲಾದ ಅಣ್ಣತಮ್ಮಂದಿರು ಮನೆಯ ಪಾತ್ರೆಪದಾರ್ಥವನ್ನು ಹಂಚಿಕೊಳ್ಳುವಂತೆ ಒಂದು ಊರು ವಿಶೇಷ್ಯವನ್ನೂ ಇನ್ನೊಂದು ವಿಶೇಷಣವನ್ನೂ ಹಂಚಿಕೊಂಡವು. ವ್ಯಾಕರಣ ಕಲಿಸುವವನ ಲೆಕ್ಕದಲ್ಲಿ ಎರಡನ್ನೂ ಕೂಡಿಸಿ ಓದಿದರೇ ಅರ್ಥ ಪೂರ್ಣವಾಗುವುದು. ಹತ್ತಿ ಕುಳಿತುಕೊಳ್ಳಿ, ಕತ್ತಲಾಗುವ ಮೊದಲು ಏರು ದಾಟಬೇಕು.